ಒಂದು ಮನೆ, ಒಂದು ಕಾಯಿಲೆ

ಕಚೇರಿಯಲ್ಲಿ ಅವಳಿಗೆ ಜರಡಿ ಮೇಡಂ ಎಂದು ಹೆಸರು. ಎದುರಿಗೆ ಬರೀ ಮೇಡಂ, ಬೆನ್ನ ಹಿಂದೆ ಬರೀ ಜರಡಿ. ಅವಳಿಗೆ ಅದು ಗೊತ್ತಿತ್ತು, ಗೊತ್ತಿದ್ದೂ ಒಳಗೊಳಗೇ ಹಿಗ್ಗುತ್ತಿದ್ದಳು. ಇಪ್ಪತ್ತಾರು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಸವೆದವಳಿಗೆ ಬಡ್ತಿ ಸಿಗದಿದ್ದರೂ ಅಡ್ಡಹೆಸರಾದರೂ ಸಿಕ್ಕಿತಲ್ಲ ಎಂದು.

ಅವಳ ಕೆಲಸ ಹೇಳುವುದಕ್ಕೆ ಸುಲಭ. ಔಷಧಿ ತಯಾರಿಸುವ ಕಂಪನಿಗಳಿಗೆ ಒಂದು ಚಿಂತೆ ಯಾವಾಗಲೂ ಇರುತ್ತದೆ: ಈ ಕಾಯಿಲೆಯವರು ಒಟ್ಟು ಎಷ್ಟು ಜನ, ಅವರು ಯಾವ ಗುಳಿಗೆ ನುಂಗುತ್ತಾರೆ, ಯಾವುದನ್ನು ಉಗುಳುತ್ತಾರೆ. ಇದನ್ನು ವಿಚಾರಿಸಿ, ವರದಿ ಬರೆದು ಮಾರುವ ಸಂಸ್ಥೆಗಳು ಆರಿದ್ದವು, ಅವಳ ಕಚೇರಿ ಅವುಗಳಲ್ಲೊಂದು. ಮೊದಲೆಲ್ಲ ಆರೂ ಬೇರೆಬೇರೆಯಾಗಿ ಅದೇ ರೋಗಿಯ ಬಾಗಿಲು ಬಡಿದು, ಅವನು ಆರನೆಯವರ ಮುಖದ ಮೇಲೆ ಬಾಗಿಲು ಹಾಕುವವರೆಗೂ ಪೀಡಿಸುತ್ತಿದ್ದವು. ಕೊನೆಗೆ ಬುದ್ಧಿ ಬಂದು, ಎಲ್ಲರ ಮಾಹಿತಿಯನ್ನೂ ಒಂದೇ ಕಡೆ ಸುರಿಯೋಣ, ಬೇಕಾದವರು ಬೇಕಾದಷ್ಟು ಮೊಗೆದುಕೊಳ್ಳೋಣ ಎಂದು ಒಪ್ಪಂದ ಮಾಡಿಕೊಂಡವು. ಆ ರಾಶಿಗೆ ಪೂಲ್ ಎಂದು ಹೆಸರಿಟ್ಟರು. ಮೇಯುವವರು ಆರು ಜನ, ಕಾಯುವವಳು ಇವಳೊಬ್ಬಳು.

ಪ್ರತಿ ಮೂರು ತಿಂಗಳಿಗೆ ರೋಗಿಗಳ ಮನೆಗೆ ಪ್ರಶ್ನೆಗಳ ಫಾರಂ ಹೋಗುತ್ತಿತ್ತು. ತುಂಬಿ ಕಳಿಸಿದವರಿಗೆ ಒಂದು ಉಡುಗೊರೆ ಕೂಪನ್. ಕೂಪನ್ ಎಂದಮೇಲೆ ಕೇಳಬೇಕೆ? ಒಬ್ಬ ಮಹಾರಾಯ ತನಗಿದ್ದ ಸಕ್ಕರೆ ಕಾಯಿಲೆಯನ್ನು ಹೆಂಡತಿಗೂ ಅತ್ತೆಗೂ ಹಂಚಿ, ಸಾಲದೆಂದು ನಾಲ್ಕು ವರ್ಷದ ಹಿಂದೆ ತೀರಿಕೊಂಡಿದ್ದ ಅಪ್ಪನಿಗೂ ಅಂಟಿಸಿ, ನಾಲ್ಕು ಫಾರಂ ತುಂಬುತ್ತಿದ್ದ. ‘ಈಗ ನಿಮ್ಮ ಆರೋಗ್ಯ ಹೇಗಿದೆ’ ಎಂಬ ಪ್ರಶ್ನೆಗೆ ಸತ್ತ ಅಪ್ಪ ‘ಮೊದಲಿಗಿಂತ ವಾಸಿ’ ಎಂದು ಉತ್ತರ ಕೊಟ್ಟಿದ್ದ. ಇಂಥವರು ನೂರಾರು ಜನ ಸಿಕ್ಕಿಬಿದ್ದಾಗ ಆರೂ ಸಂಸ್ಥೆಯವರು ತಲೆಯ ಮೇಲೆ ಕೈಹೊತ್ತು ಕೂತರು.

ಆಗ ಅವಳು ಒಂದು ನಿಯಮ ಮಾಡಿದಳು. ಒಂದು ಮನೆ, ಒಂದು ಕಾಯಿಲೆ. ಒಂದೇ ವಿಳಾಸದಿಂದ, ಒಂದೇ ಕಾಯಿಲೆಗೆ, ಒಂದೇ ಔಷಧಿ ತೆಗೆದುಕೊಳ್ಳುವವರು ಇಬ್ಬರು ಮೂವರು ಕಂಡರೆ ಮೊದಲು ಸೇರಿದವರೊಬ್ಬರು ಉಳಿಯುವುದು, ಮಿಕ್ಕವರು ನಕಲು ಎಂದು ಆಚೆಗೆ. ದಿನಾ ಸಂಜೆ ಆರು ಗಂಟೆಗೆ ಕಂಪ್ಯೂಟರೇ ಇಡೀ ರಾಶಿಯನ್ನು ಜರಡಿಯಲ್ಲಿ ಆಡಿಸುತ್ತಿತ್ತು. ಕೆಳಗೆ ಬಿದ್ದವರಿಗೆಂದು ಅವಳೇ ಒಂದು ಕಡತ ತೆರೆದು ಅದಕ್ಕೆ ‘ಹೊಟ್ಟು’ ಎಂದು ಹೆಸರಿಟ್ಟಳು. ಜನ ಚಾಪೆ ಕೆಳಗೆ ತೂರಿದರೆ ಇವಳು ರಂಗೋಲಿ ಕೆಳಗೆ ತೂರಿದಳು: ಮನೆ ನಂಬರಿಗೆ ಬಾಲ ಸೇರಿಸಿದರೂ, ಫೋನ್ ಬದಲಿಸಿದರೂ, ಡಾಕ್ಟರನ್ನು ಬದಲಿಸಿದರೂ ಜರಡಿ ಹಿಡಿಯುತ್ತಿತ್ತು. ಈ ಜರಡಿಯನ್ನು ನಿಲ್ಲಿಸಬೇಕಾದರೆ, ಜರಡಿಯಲ್ಲಿ ಉಳಿದವರ ಬೀಗ ಹಾಕಿದ ಪಟ್ಟಿಯನ್ನು ತೆರೆಯಬೇಕಾದರೆ ಆರೂ ಸಂಸ್ಥೆಯವರ ಸಹಿ ಬೇಕು ಎಂದೂ ಅವಳೇ ಬರೆಸಿದಳು. ಪೂಲಿನಲ್ಲಿ ರೋಗಿ ಎಂದರೆ ಬರೀ ಒಂದು ನಂಬರು, ಆ ನಂಬರಿನ ಹಿಂದಿನ ಹೆಸರನ್ನು ಯಾರೂ ನೋಡಕೂಡದು, ತಾನೂ ನೋಡಕೂಡದು ಎಂಬುದೂ ಅವಳದೇ ಕಟ್ಟಳೆ. ಆರೂ ಜನ ಚಪ್ಪಾಳೆ ತಟ್ಟಿ ಅವಳಿಗೊಂದು ಗೋಡೆ ಗಡಿಯಾರ ಕೊಟ್ಟರು. ಅದನ್ನು ತನ್ನ ಮೇಜಿನ ಎದುರಿಗೇ ತೂಗುಹಾಕಿಕೊಂಡಳು.

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಿದ್ದೇವೆ ಎಂಬುದು ಆರು ವರ್ಷ ಯಾರಿಗೂ ಹೊಳೆಯಲಿಲ್ಲ. ಹೊಳೆಯಬೇಕಾಗಿದ್ದವಳು ಅವಳೊಬ್ಬಳೇ, ಯಾಕೆಂದರೆ ಉತ್ತರ ಅವಳ ಮನೆಯಲ್ಲೇ ಓಡಾಡಿಕೊಂಡಿತ್ತು.

ಅವಳಿದ್ದದ್ದು ತಂಗಿಯ ಮನೆಯ ಮಹಡಿಯಲ್ಲಿ. ಮದುವೆ ಆಗಲಿಲ್ಲ, ಆಗಲಿಲ್ಲವಲ್ಲ ಎಂಬ ಕೊರಗೂ ಉಳಿದಿರಲಿಲ್ಲ. ತಂಗಿ ಕೆಳಗಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಶಾಲೆ ಮಕ್ಕಳ ಬಟ್ಟೆ ಹೊಲಿಯುತ್ತಿದ್ದಳು. ಅವಳ ಗಂಡ ಲಾರಿ ಓಡಿಸುವವನು, ತಿಂಗಳಿಗೆ ಎರಡು ದಿನ ಬಂದುಹೋಗುವ ನೆಂಟ. ಹೆಣ್ಣುಮಕ್ಕಳಿಬ್ಬರು. ದೊಡ್ಡವಳಿಗೆ ಹದಿನೇಳು, ಪುಟ್ಟಿಗೆ ಹದಿಮೂರು. ಇಬ್ಬರಿಗೂ ಒಂದೇ ಕಾಯಿಲೆ. ಅಪ್ಪ ಅಮ್ಮ ಇಬ್ಬರ ರಕ್ತದಲ್ಲೂ ಸದ್ದಿಲ್ಲದೆ ಮಲಗಿದ್ದು ಮಕ್ಕಳಲ್ಲಿ ಎದ್ದು ಕೂರುವ ಅಪರೂಪದ ಕಾಯಿಲೆ. ಮೊದಲು ಬೆರಳು ನಡುಗುತ್ತದೆ, ಆಮೇಲೆ ನಾಲಿಗೆ ತೊದಲುತ್ತದೆ, ಆಮೇಲೆ ಕಾಲು ನಿಲ್ಲುವುದಿಲ್ಲ. ದಿನಕ್ಕೊಂದು ಹಳದಿ ಗುಳಿಗೆ ನುಂಗಿದರೆ ಇದಾವುದೂ ಇಲ್ಲ. ದೊಡ್ಡವಳ ಕೈ ಹತ್ತನೇ ವರ್ಷಕ್ಕೆ ನಡುಗಲು ಶುರುವಾಗಿ ಗುಳಿಗೆಯಿಂದ ನಿಂತಿತ್ತು. ಪುಟ್ಟಿಯದನ್ನು ಎರಡು ವರ್ಷ ಬಿಟ್ಟು ರಕ್ತಪರೀಕ್ಷೆಯಲ್ಲಿ ಹಿಡಿದಿದ್ದರು. ಅವಳ ಕೈ ಒಂದು ದಿನವೂ ನಡುಗಿರಲಿಲ್ಲ. ಬರೆದರೆ ಮುತ್ತು ಪೋಣಿಸಿದಂಥ ಅಕ್ಷರ. ಬೀದಿಯವರೆಲ್ಲ ಹೊರಗಡೆಗೆ ಕಳಿಸುವ ಪತ್ರ ಅವಳ ಕೈಲೇ ಬರೆಸಿಕೊಳ್ಳುತ್ತಿದ್ದರು.

ಡಾಕ್ಟರು ಇಬ್ಬರನ್ನೂ ಪೂಲಿಗೆ ಸೇರಿಸಿದ್ದರು. ಫಾರಂ ಬಂದಾಗಲೆಲ್ಲ ತಂಗಿ ಗೊಣಗುತ್ತಿದ್ದಳು.

“ಮೂವತ್ತೆಂಟು ಪ್ರಶ್ನೆ ಅಕ್ಕ. ನನ್ನ ಮದುವೆಲೂ ಇಷ್ಟು ಕೇಳಿರ್ಲಿಲ್ಲ.”

“ಬೇಜಾರು ಮಾಡ್ಕೋಬೇಡ, ಇಬ್ಬರದೂ ತುಂಬು. ಎಣಿಕೇಲಿ ಇದ್ರೆ ತಾನೆ ಔಷಧಿ ಮಾಡೋರಿಗೆ ಇಷ್ಟು ಜನ ಕಾಯ್ತಿದಾರೆ ಅಂತ ಗೊತ್ತಾಗೋದು.”

ಒಂದು ಸಲ ತಂಗಿ, “ದೊಡ್ಡೋಳಿಗೆ ಕೂಪನ್ ಬರುತ್ತೆ, ಪುಟ್ಟೀದು ಒಂದು ಸಲನೂ ಬಂದಿಲ್ವಲ್ಲ, ಸ್ವಲ್ಪ ನೋಡೇ” ಎಂದಿದ್ದಳು. ಅವಳು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: “ನಮ್ಮೋರದ್ದು ಅಂತ ನಾನು ಒಳಗೆ ಕೈ ಹಾಕೋಳಲ್ಲ.” ಹೇಳಿ, ಮಹಡಿ ಹತ್ತುವಾಗ ತನ್ನನ್ನು ತಾನೇ ಮೆಚ್ಚಿಕೊಂಡಿದ್ದಳು. ಈಗ ಆ ಮೆಚ್ಚುಗೆ ನೆನಪಾದಾಗಲೆಲ್ಲ ಅವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹಳದಿ ಗುಳಿಗೆಯ ಕಂಪನಿ ಪೂಲಿನಿಂದ ಒಂದು ವರದಿ ಕೊಂಡಿತ್ತು. ಆ ವರದಿ ಬರೆದವರು ಪಕ್ಕದ ಮೇಜಿನ ಗ್ರಾಫ್ ಮೇಷ್ಟ್ರು. ಮೊದಲು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು, ಈಗ ಲೆಕ್ಕಕ್ಕೆ ಬಣ್ಣ ಹಚ್ಚುವವರು. ಒಂದು ಸೋಮವಾರ ಅವರು ಕಂಪನಿಯ ಉತ್ತರ ಓದಿ ಹೇಳಿದರು.

“ನಿಲ್ಲಿಸ್ತಾರಂತೆ ಮೇಡಂ. ಆರುನೂರು ಜನಕ್ಕಿಂತ ಕಮ್ಮಿ ಇದ್ರೆ ಮಾಡೋಕೆ ಗಿಟ್ಟಲ್ವಂತೆ. ನಮ್ಮ ಲೆಕ್ಕ ನಾನೂರ ಹನ್ನೆರಡು.”

ಅವಳು ಆ ಪತ್ರವನ್ನು ಕಿತ್ತುಕೊಂಡು ತಾನೇ ಓದಿದಳು. ಆದರೂ ನಾನೂರ ಹನ್ನೆರಡು ತಪ್ಪಿರಬಹುದು ಎಂದು ಅವಳಿಗೆ ಅನ್ನಿಸಲೇ ಇಲ್ಲ. ತನ್ನ ಜರಡಿ ದಾಟಿ ಬಂದ ಸಂಖ್ಯೆ ಅದು. ಹಣೆಬರಹದ ಮೇಲೆ ಸಿಟ್ಟು ಬಂತು, ಕಂಪನಿಯ ಮೇಲೆ ಬಂತು, ಲೆಕ್ಕದ ಮೇಲೆ ಬರಲಿಲ್ಲ.

ಆ ವಾರ ಮಕ್ಕಳ ತಪಾಸಣೆಗೆ ತಂಗಿಯ ಬದಲು ತಾನೇ ಹೋದಳು. ಇಷ್ಟು ವರ್ಷದಲ್ಲಿ ಅದೇ ಮೊದಲ ಸಲ. ಈ ಕಾಯಿಲೆಯವರಿಗೆಂದು ಡಾಕ್ಟರು ತಿಂಗಳಿಗೊಂದು ಬೆಳಿಗ್ಗೆ ಮೀಸಲಿಟ್ಟಿದ್ದರು. ಕಾಯುವ ಕೋಣೆಯಲ್ಲಿ ಕಬ್ಬಿಣದ ಬೆಂಚುಗಳು, ಗೋಡೆಗೆ ಹಸಿರು ಬಣ್ಣ, ಮೂಲೆಯಲ್ಲಿ ತೂಕದ ಯಂತ್ರ. ಅವಳು ಕೂತು ಸುತ್ತ ನೋಡಿದಳು. ಎದುರಿನ ಬೆಂಚಿನಲ್ಲಿ ಒಂದೇ ಮೂಗಿನ ಮೂವರು ಅಣ್ಣತಮ್ಮಂದಿರು, ಎತ್ತರದ ಪ್ರಕಾರ ಜೋಡಿಸಿಟ್ಟ ಡಬ್ಬಗಳ ಹಾಗೆ. ಅವರ ಪಕ್ಕ ಅವಳಿಜವಳಿ ಹುಡುಗಿಯರು. ಕಿಟಕಿಯ ಹತ್ತಿರ ಒಬ್ಬ ಅಕ್ಕ, ಅವಳ ತೊಡೆಗೆ ಒರಗಿದ ತಮ್ಮ. ಬಾಗಿಲ ಬಳಿ ಇಬ್ಬರು. ಇವಳ ಪಕ್ಕದಲ್ಲಿ ದೊಡ್ಡವಳು, ಪುಟ್ಟಿ.

ಒಂಟಿಯಾಗಿ ಬಂದ ರೋಗಿಯನ್ನು ಹುಡುಕಿದಳು. ಒಬ್ಬಳು ಸಿಕ್ಕಳು. ಅವಳ ಅಣ್ಣ ಗಾಡಿ ನಿಲ್ಲಿಸಿ ಬರುತ್ತೇನೆಂದು ಹೋಗಿದ್ದ. ಅವನಿಗೂ ಚೀಟಿ ಮಾಡಿಸಿಟ್ಟಿದ್ದಳು.

“ದೊಡ್ಡಮ್ಮ, ಯಾಕೆ ಬೆವರ್ತಿದ್ದೀಯ?” ಎಂದು ಪುಟ್ಟಿ ಕೇಳಿದಳು.

“ಸೆಕೆ” ಎಂದಳು. ಅವಳ ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು.

ಮಕ್ಕಳನ್ನು ಮನೆಗೆ ಬಿಟ್ಟು ನೇರ ಕಚೇರಿಗೆ ಹೋಗಿ ಹೊಟ್ಟಿನ ಕಡತ ತೆರೆದಳು. ಆ ಕಾಯಿಲೆಯದೊಂದನ್ನೇ ಬೇರೆ ಮಾಡಿದಳು. ಮುನ್ನೂರ ತೊಂಬತ್ತೊಂದು. ಅವಳು ಆಚೆಗೆಸೆದ ಅಣ್ಣಂದಿರು, ತಮ್ಮಂದಿರು, ತಂಗಿಯರು. ಉಳಿದ ನಾನೂರ ಹನ್ನೆರಡಕ್ಕೆ ಸೇರಿಸಿದರೆ ಎಂಟುನೂರ ಮೂರು. ಕಂಪನಿಯ ಆರುನೂರನ್ನು ಸಲೀಸಾಗಿ ದಾಟುವ ಲೆಕ್ಕ. ಆರು ವರ್ಷದಲ್ಲಿ ಮೊದಲ ಸಲ ನಂಬರಿನ ಹಿಂದಿನ ಹೆಸರನ್ನು ತೆರೆದಳು. ಪುಟ್ಟಿಯ ಹೆಸರು, ಹುಟ್ಟಿದ ದಿನ, ಮನೆ ನಂಬರು ಹದಿನೇಳು. ಎದುರಿಗೆ ಕಾರಣ: ನಕಲು. ಕೆಳಗೆ ಐದು ವರ್ಷದಿಂದ ತಂಗಿ ಗೊಣಗುತ್ತಾ ತುಂಬಿದ್ದ ಫಾರಂಗಳೆಲ್ಲ, ಒಂದನ್ನೂ ಯಾರೂ ಓದಿರಲಿಲ್ಲ.

ಗ್ರಾಫ್ ಮೇಷ್ಟ್ರಿಗೆ ತೋರಿಸಿದಳು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಸಕ್ಕರೆ ಕಾಯಿಲೆಗಾದ್ರೆ ಮನೆಗೆ ಇಷ್ಟು ಜನ ಅಂತ ಆಮೇಲೆ ಗುಣಿಸಿ ಸರಿ ಮಾಡ್ತೀವಿ ಮೇಡಂ. ಇಂಥ ಚಿಲ್ಲರೆ ಕಾಯಿಲೆಗೆ ಯಾರು ಗುಣಿಸ್ತಾರೆ?” ಎಂದವರು ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು. ಅವರಿಗೆ ಮಕ್ಕಳ ವಿಷಯ ಗೊತ್ತಿತ್ತು.

ಡೈರೆಕ್ಟರು ಒಳ್ಳೆಯವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಷ್ಟು ಒಳ್ಳೆಯವರು. ಅವಳನ್ನು ಕೂರಿಸಿ, ನೀರು ತರಿಸಿ, ಪೂರ್ತಿ ಕೇಳಿದರು.

“ನಂಗೆ ಅರ್ಥ ಆಗುತ್ತೆ ಮೇಡಂ. ಆದ್ರೆ ಈಗ ಇದು ತಪ್ಪು ಅಂದ್ರೆ ಆರು ವರ್ಷದ ವರದಿ ಎಲ್ಲಾ ತಪ್ಪು ಅಂದಂಗೆ. ಪೂಲು ನಮ್ಮೊಬ್ಬರದ್ದಾ? ಆರು ಜನರ ಸ್ವತ್ತು.”

“ತಪ್ಪು ನಂದು ಅಂತ ಬರೆದುಕೊಡ್ತೀನಿ ಸಾರ್.”

“ನಿಮ್ಮದು ಅಂತ ಒಪ್ಕೊಂಡ್ರೂ ಮಾರಿದ್ದು ನಾವಲ್ವಾ? ಸಮಿತಿ ಮುಂದೆ ಇಡ್ತೀನಿ, ಸಮಾಧಾನವಾಗಿರಿ.”

ಸಮಿತಿ ಎಂದರೆ ಆರೂ ಸಂಸ್ಥೆಯ ಒಬ್ಬೊಬ್ಬರು. ಅವರು ಹತ್ತು ದಿನ ಬಿಟ್ಟು ಸೇರಿ ಎರಡು ತೀರ್ಮಾನ ಮಾಡಿದರು. ಮುಂದಿನ ವರ್ಷದ ವರದಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಟಿಪ್ಪಣಿ ಹಾಕುವುದು. ರೋಗಿಗಳ ಫಾರಂನಲ್ಲಿ ಈ ಸಲದಿಂದಲೇ ಒಂದು ಹೊಸ ಪ್ರಶ್ನೆ ಸೇರಿಸುವುದು. ಊರು ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅಷ್ಟರೊಳಗೆ ಅವಳೇ ಕಂಪನಿಗೆ ನೇರವಾಗಿ ಪತ್ರ ಬರೆದಿದ್ದಳು. ನಿಮ್ಮ ಕಾಳಜಿಗೆ ಧನ್ಯವಾದ, ಗುಳಿಗೆ ಮಾಡುವ ಯಂತ್ರವನ್ನು ಈಗಾಗಲೇ ಬೇರೆ ಕೆಲಸಕ್ಕೆ ಹಾಕಿದ್ದೇವೆ ಎಂದು ಉತ್ತರ ಬಂತು. ಜೊತೆಗೊಂದು ಕರುಣೆಯನ್ನೂ ಮಾಡಿದ್ದರು. ಕೊನೆಯ ದಾಸ್ತಾನನ್ನು ಅಂಗಡಿಗೆ ಬಿಡದೆ, ಪೂಲಿನ ಪಟ್ಟಿಯಲ್ಲಿರುವ ರೋಗಿಗಳಿಗೆ ತಲಾ ಒಂದು ವರ್ಷದ ಗುಳಿಗೆ ಉಚಿತವಾಗಿ ಕೊಡುತ್ತೇವೆ. ಪಟ್ಟಿ ಗುರುವಾರ ಬೆಳಿಗ್ಗೆ ತಲುಪಲಿ.

ಪಟ್ಟಿ ಎಂದರೆ ಅದೇ ನಾನೂರ ಹನ್ನೆರಡು.

“ಹೊಟ್ಟಲ್ಲಿರೋರನ್ನೂ ಸೇರ್ಸಿ ಸಾರ್. ಒಬ್ಬೊಬ್ರಿಗೆ ಒಂದು ವರ್ಷದ್ದು ಬೇಡ, ಎಲ್ರಿಗೂ ಆರಾರು ತಿಂಗಳದ್ದು ಸಾಕು. ಅಷ್ಟರಲ್ಲಿ ಬೇರೆ ಏನಾದ್ರೂ ದಾರಿ ಹುಡುಕಬಹುದು.”

ಡೈರೆಕ್ಟರು ಕೈ ಚೆಲ್ಲಿದರು. “ಬೀಗ ಹಾಕಿದ ಪಟ್ಟಿ. ಆರು ಸಹಿ ಇಲ್ದೆ ತೆಗೆಯಂಗಿಲ್ಲ. ಆ ನಿಯಮ ಬರೆದೋರು ನೀವೇ ಮೇಡಂ, ನಂಗೆ ನೆನಪಿದೆ. ಎಷ್ಟು ಚೆನ್ನಾಗಿ ಬರೆದಿದ್ರಿ.”

ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಅವಳು ಇಪ್ಪತ್ತಾರು ವರ್ಷ ಮಾಡದ ಕೆಲಸ ಮಾಡಿದಳು. ಪೂಲು ಕಾಯುವವಳೆಂದು ತನಗೆ ಕೊಟ್ಟಿದ್ದ ಕೀಲಿಯಿಂದ ತಾನೇ ಒಳಗೆ ಕೈ ಹಾಕಿ ಮುನ್ನೂರ ತೊಂಬತ್ತೊಂದು ಜನರನ್ನೂ ರಾಶಿಗೆ ಹಾಕಿದಳು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು. ಎಂಟುನೂರ ಮೂರು ಎಂದು ಪರದೆಯ ಮೇಲೆ ಕಂಡಾಗ ಅವಳಿಗೆ ಅಳು ಬಂತು. ಆದರೆ ಆರು ಗಂಟೆಗೆ ಜರಡಿ ಆಡುತ್ತದೆ. ಆಡುವ ಮೊದಲು ಪರೀಕ್ಷೆ ಮಾಡಿ ನೋಡುವ ಒಂದು ಗುಂಡಿ ಇತ್ತು. ಒತ್ತಿದಳು. ನಾನೂರ ಹನ್ನೆರಡು.

ಎಲ್ಲರನ್ನೂ ಉಳಿಸುವುದು ಆಗದ ಮಾತು ಎಂದು ನಾಲ್ಕೂವರೆಗೆ ಒಪ್ಪಿಕೊಂಡಳು. ನಮ್ಮೋರದ್ದು ಅಂತ ಕೈ ಹಾಕೋಳಲ್ಲ ಎಂದಿದ್ದವಳು ಪುಟ್ಟಿಯ ಒಂದು ನಂಬರನ್ನು ಮಾತ್ರ ಹಿಡಿದುಕೊಂಡು ಕೂತಳು. ಹೆಸರು ಬದಲಿಸುವಂತಿರಲಿಲ್ಲ, ಗುರುತಿನ ಚೀಟಿ ತೋರಿಸಿದವರಿಗೇ ಪೊಟ್ಟಣ ಎಂದು ಕಂಪನಿ ಹೇಳಿತ್ತು. ಮನೆ ನಂಬರು ಹದಿನೇಳನ್ನು ಹದಿನೇಳು ಎ ಮಾಡಿದಳು. ಬಿತ್ತು. ಫೋನ್ ನಂಬರು ತನ್ನದು ಹಾಕಿದಳು. ಬಿತ್ತು. ಡಾಕ್ಟರನ್ನು ಬದಲಿಸಿದಳು, ಬೀದಿಯನ್ನೇ ಬದಲಿಸಿದಳು. ಅಪ್ಪನ ಹೆಸರು ಹಿಡಿದು ಜರಡಿ ಅದನ್ನೂ ಕೆಡವಿತು. ಅವಳು ಯೋಚಿಸುವ ಒಂದೊಂದು ಕಳ್ಳದಾರಿಯ ತುದಿಯಲ್ಲೂ ಆರು ವರ್ಷದ ಹಿಂದಿನ ಅವಳೇ ಕೋಲು ಹಿಡಿದು ನಿಂತಿದ್ದಳು. ಎಂಥ ಜಾಣೆ, ಎಂಥ ಪಾಪಿ ಎಂದು ಅವಳಿಗೆ ತನ್ನ ಮೇಲೆ ಹೇಸಿಗೆ ಬಂತು.

ಆರಕ್ಕೆ ಹತ್ತು ನಿಮಿಷ ಇರುವಾಗ ಕೊನೆಯ ದಾರಿ ಕಂಡಿತು. ಜರಡಿ ಮನೆಗೊಬ್ಬರನ್ನು ಉಳಿಸುತ್ತದೆ. ದೊಡ್ಡವಳನ್ನು ತೆಗೆದರೆ ಪುಟ್ಟಿ ನಿಲ್ಲುತ್ತಾಳೆ. ಅದಕ್ಕೆ ಯಾವ ಸುಳ್ಳೂ ಬೇಡ, ಒಂದು ಗೆರೆ ಅಳಿಸಿದರೆ ಆಯಿತು. ಪರೀಕ್ಷೆಯ ಗುಂಡಿ ಒತ್ತಿ ನೋಡಿದಳು. ಪುಟ್ಟಿ ನಿಂತಳು. ಚಿಕ್ಕವಳು, ಬೆರಳು ಇನ್ನೂ ನಡುಗದವಳು, ಮುತ್ತಿನ ಅಕ್ಷರದವಳು. ಒಮ್ಮೆ ನಡುಗಿದ ಕೈ ಎರಡನೇ ಸಲ ಹೇಗೆ ನಡುಗುತ್ತದೋ ಎಂದುಕೊಂಡಾಗ ದೊಡ್ಡವಳ ಮುಖ ನೆನಪಾಯಿತು. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಆರಕ್ಕೆ ಒಂದು ನಿಮಿಷ ಇರುವಾಗ ಎಲ್ಲವನ್ನೂ ಮೊದಲಿದ್ದ ಹಾಗೇ ಮಾಡಿ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಆರು ಹೊಡೆಯಿತು.

ಒಳಗೆ ಕೈ ಹಾಕಿದವರ ಹೆಸರನ್ನು ಡೈರೆಕ್ಟರಿಗೆ ತಿಳಿಸುವ ವ್ಯವಸ್ಥೆಯೂ ಅವಳದೇ. ಮರುದಿನ ಅವರು ಬೇಸರದಿಂದಲೇ ಕೀಲಿ ವಾಪಸ್ ತೆಗೆದುಕೊಂಡು, ರಿಟೈರ್ ಆಗುವವರೆಗೂ ಇರಲಿ ಎಂದು ಫಾರಂಗಳ ಲಕೋಟೆ ಒಡೆಯುವ ಮೇಜಿಗೆ ಅವಳನ್ನು ಹಾಕಿದರು. ಗಡಿಯಾರ ಬೇಕಾದರೆ ಕೊಂಡೊಯ್ಯಿರಿ ಎಂದರು. ಅವಳು ಅಲ್ಲೇ ಬಿಟ್ಟಳು.

ಮೂರು ವಾರ ಬಿಟ್ಟು ತಂಗಿ ಡಾಕ್ಟರ ಹತ್ತಿರದಿಂದ ಒಂದು ಪೊಟ್ಟಣ ತಂದು ಹೊಲಿಗೆ ಮಿಷನ್ನಿನ ಮೇಲಿಟ್ಟಳು. ಅಂಗಡಿಗಳಲ್ಲಿ ಅಷ್ಟು ಹೊತ್ತಿಗೆ ಹಳದಿ ಗುಳಿಗೆ ಔಷಧಿಗೂ ಸಿಗುತ್ತಿರಲಿಲ್ಲ.

“ಪುಟ್ಟಿ ಹೆಸರೇ ಇಲ್ವಂತೆ. ಅಲ್ಲಿ ಒಬ್ಳು ಮೂರು ಗಂಡುಮಕ್ಕಳ ತಾಯಿ ಒಂದೇ ಪೊಟ್ಟಣ ಹಿಡ್ಕೊಂಡು ಕೂತುಬಿಟ್ಟಿದ್ಲು ಅಕ್ಕ. ಎದ್ದೇಳ್ಲೇ ಇಲ್ಲ. ಯಾರು ಮಾಡಿದ್ದು ಈ ಪಟ್ಟಿನ?”

ಅವಳು ಹೇಳಿದಳು. ನಿಯಮ, ಜರಡಿ, ಹೊಟ್ಟು, ಬುಧವಾರದ ಸಂಜೆ, ಒಂದನ್ನೂ ಬಚ್ಚಿಡಲಿಲ್ಲ. ದೊಡ್ಡವಳನ್ನು ತೆಗೆದು ನೋಡಿದ್ದನ್ನೂ ಹೇಳಿದಳು. ಮಕ್ಕಳಿಬ್ಬರೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

ತಂಗಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. “ಕೂಪನ್ ಬರ್ಲಿಲ್ಲ ಅಂದಾಗ ಒಂದ್ಸಲ ನೋಡಿದ್ರೆ ಏನಾಗ್ತಿತ್ತು ನಿಂಗೆ?” ಎಂದಳು ಅಷ್ಟೆ.

ದೊಡ್ಡವಳು ಯಾರನ್ನೂ ಕೇಳದೆ ಒಳಗಿಂದ ಎರಡು ಡಬ್ಬಿ ತಂದಳು. ಪೊಟ್ಟಣ ಹರಿದು, ನೆಲದ ಮೇಲೆ ಕೂತು, ನಿಂಗೊಂದು ನಂಗೊಂದು ಎಂದು ಗುಳಿಗೆ ಹಾಕುತ್ತಾ ಹೋದಳು. ಒಬ್ಬಳಿಗೆ ಒಂದು ವರ್ಷ ಬರುವುದು ಇಬ್ಬರಿಗೆ ಆರು ತಿಂಗಳು ಬರುತ್ತದೆ. ಆರು ತಿಂಗಳ ಆಚೆ ಏನು ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ.

ಪೊಟ್ಟಣದ ಜೊತೆ ದೊಡ್ಡವಳ ಹೆಸರಿಗೆ ಈ ತ್ರೈಮಾಸಿಕದ ಫಾರಂ ಬಂದಿತ್ತು. ಪುಟ್ಟಿ ಅದನ್ನು ಎತ್ತಿಕೊಂಡು ಮಿಷನ್ನಿನ ಹಲಗೆಯ ಮೇಲಿಟ್ಟು ತುಂಬತೊಡಗಿದಳು. ಕೊನೆಯಲ್ಲಿ ಮೂವತ್ತೊಂಬತ್ತನೆಯದಾಗಿ ಒಂದು ಹೊಸ ಪ್ರಶ್ನೆ ಇತ್ತು. ದೊಡ್ಡಮ್ಮನ ಇಪ್ಪತ್ತಾರು ವರ್ಷದ ಸಂಪಾದನೆ ಅದು. ಪುಟ್ಟಿ ಗಟ್ಟಿಯಾಗಿ ಓದಿದಳು: “ನಿಮ್ಮ ಮನೆಯಲ್ಲಿ ಈ ಕಾಯಿಲೆ ಇರುವವರು ಎಷ್ಟು ಜನ?”

ಪುಟ್ಟಿ ಪೆನ್ನು ಒತ್ತಿ, ಮುತ್ತು ಪೋಣಿಸಿದ ಹಾಗೆ ಬರೆದಳು: ‘ಸದ್ಯಕ್ಕೆ ಇಬ್ಬರು.’

ಬರೆದು ಮಡಿಸಿ ಲಕೋಟೆಗೆ ಹಾಕಿ, ಅಂಟು ಸವರಿ ಮುಚ್ಚಿದಳು.

“ತಗೋ ದೊಡ್ಡಮ್ಮ” ಎಂದಳು. “ಹೆಂಗಿದ್ರೂ ಒಡೆಯೋಳು ನೀನೇ ಅಲ್ವಾ.”